ಎಡಕ್ಕೆ ಎಂಟು ಕ್ಲಿಕ್

ನನ್ನ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಎಷ್ಟು ಓಲೈಸಿದರೂ ಚಿಗುರಲೊಲ್ಲದ ಕರಿಬೇವಿನ ಕುಂಡದ ಪಕ್ಕದಲ್ಲಿ, ಒಂದು ನಾಲ್ಕಾಣೆ ಇದೆ. ಘೇಂಡಾಮೃಗದ ಚಿತ್ರವಿರುವ ಆ ತೆಳ್ಳನೆಯ ಉಕ್ಕಿನ ನಾಣ್ಯ ನಿಮ್ಮ ಕೈಯಿಂದಲೂ ಎಷ್ಟೋ ಸಲ ದಾಟಿಹೋಗಿರುತ್ತದೆ. ನಾನು ಊರು ಬಿಟ್ಟ ದಿನ ಮೈಸೂರಿನ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆಯೆಂದು ಕೊಟ್ಟದ್ದು, ಪರ್ಸಿನ ಹರಿದ ಒಳಪದರದೊಳಕ್ಕೆ ಜಾರಿ, ಟಿಕೆಟ್ಟೂ ವೀಸಾವೂ ಇಲ್ಲದೆ ಲೀಡ್ಸಿನವರೆಗೆ ಬಂದುಬಿಟ್ಟಿತು. ಇಲ್ಲಿ ಅದಕ್ಕೆ ಒಂದು ಬೆಂಕಿಕಡ್ಡಿಯೂ ಬರುವುದಿಲ್ಲ. ಆದರೂ ನಮ್ಮ ಮನೆಯಲ್ಲಿ ಅದಕ್ಕೊಂದು ಉದ್ಯೋಗ ಸಿಕ್ಕಿತ್ತು. ನನ್ನ ರೈಫಲ್ಲಿನ ಮೇಲಿರುವ ಹಳೆಯ ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ, ತಿರುಪಿನಲ್ಲಿ ಒಂದು ಸಣ್ಣ ಸೀಳಿದೆ. ಇಂಗ್ಲೆಂಡಿನ ಪೆನ್ನಿ ಅದರೊಳಗೆ ಹೋಗದಷ್ಟು ದಪ್ಪ, ನಮ್ಮ ನಾಲ್ಕಾಣೆ ಮಾತ್ರ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ.

ಹುಬ್ಬೇರಿಸಬೇಡಿ. ಹೆಂಗಸು, ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಉದ್ಯೋಗಿ, ಅದರ ಮೇಲೆ ರೈಫಲ್ಲು ಬೇರೆ ಎಂದು ಇಲ್ಲಿನ ಕನ್ನಡ ಬಳಗದವರೂ ಮೊದಲು ಹೀಗೆಯೇ ನೋಡಿದರು. ಯುಗಾದಿಯ ಊಟದಲ್ಲಿ ಧಾರವಾಡ ಕಡೆಯ ಡಾಕ್ಟರೊಬ್ಬರು ಹೋಳಿಗೆ ಮುರಿಯುತ್ತ, "ಏನ್ರೀ ಅಕ್ಕಾವ್ರ, ಹಗಲೆಲ್ಲಾ ಎಲುಬು ನೋಡ್ತೀರಿ, ರವಿವಾರ ಗುಂಡು ಹೊಡೀತೀರಿ. ನಿಮ್ಮ ಎದುರಿಗೆ ಕುಂದ್ರೂದs ಕಷ್ಟ ಆಗೇದ ನೋಡ್ರಿ!" ಎಂದು ಎಲೆಯ ಸಾಲನ್ನೆಲ್ಲ ನಗಿಸಿದ್ದರು. ನಾನೂ ನಕ್ಕೆ. ಆದರೆ ಕೊಡಗಿನ ಹುಡುಗಿಗೆ ಕೋವಿಯೆಂದರೆ ಆಯುಧ ಎನ್ನುವುದಕ್ಕಿಂತ ಮನೆಯ ಹಿರಿಯ ಎಂಬುದನ್ನು ಆ ಸದ್ದಿನಲ್ಲಿ ಯಾರಿಗೆ ವಿವರಿಸುವುದು? ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರುತ್ತದೆ, ಮನೆಯಲ್ಲಿ ಸಾವಾದರೆ ಎರಡು. ನಡುವಿನ ದಿನಗಳಲ್ಲಿ ಕೋವಿ ಒಳಮನೆಯ ದೀಪದ ಪಕ್ಕದಲ್ಲಿ ಗೋಡೆಗೊರಗಿ, ಎಲ್ಲರ ಜಗಳ ಕೇಳಿಸಿಕೊಂಡು ಸುಮ್ಮನಿರುತ್ತದೆ.

ನಮ್ಮ ಮನೆಯ ಹಿರಿಯನಿಗೆ ಒಂದು ಊನವಿತ್ತು. ಅಪ್ಪನ ರೈಫಲ್ಲು, ಅಜ್ಜನ ಕಾಲದ್ದು, ಎಂದೋ ಜೀಪಿನಿಂದ ಬಿದ್ದು ಮುಂದಿನ ಗುರಿಮುಳ್ಳು ಬಾಗಿ, ಅಂದಿನಿಂದ ಎರಡು ಬೆರಳು ಎಡಕ್ಕೆ ಹೊಡೆಯುತ್ತಿತ್ತು. ಮಡಿಕೇರಿಯ ಕೋವಿ ರಿಪೇರಿಯವನಿಗೆ ಅದು ಅರ್ಧ ಗಂಟೆಯ ಕೆಲಸ. ಆದರೆ ಅಜ್ಜ ಮುಟ್ಟಿಸಲಿಲ್ಲ, ಅಪ್ಪನೂ ಮುಟ್ಟಿಸಲಿಲ್ಲ. "ಹಿರಿಯರ ಕೋವಿಯನ್ನು ತಿದ್ದಬಾರದು, ನಮ್ಮ ಕೈಯನ್ನು ತಿದ್ದಿಕೊಳ್ಳಬೇಕು" ಎನ್ನುವುದು ಅಪ್ಪನ ನ್ಯಾಯ. ಹಾಗಾದರೆ ಎರಡು ಬೆರಳು ಬಲಕ್ಕೆ ಗುರಿಯಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಎಂಟು ವರ್ಷದವಳಾಗಿದ್ದಾಗ ಕೇಳಿದ್ದೆ. ಅಪ್ಪ ಒಪ್ಪಲಿಲ್ಲ. ಗುರಿಗೆ ಕಟ್ಟಿದ ತೆಂಗಿನಕಾಯಿಯನ್ನು ಬಿಟ್ಟು ಪಕ್ಕದ ಗಾಳಿಯನ್ನು ನೋಡುವುದು ಅವರಿಗೆ ಮನುಷ್ಯನ ಮುಖ ತಪ್ಪಿಸಿ ಮಾತಾಡುವಷ್ಟೇ ಅಗೌರವ. "ಕಣ್ಣು ಕಾಯಿಯ ನಡುವಿಗೇ ಇರಲಿ, ಕುಂಞಿ. ಬೆರಳು ಒತ್ತುವಾಗ ಕೈ ಮಾತ್ರ ಎಳ್ಳಿನಷ್ಟು ಬಲಕ್ಕೆ ಹೋಗಲಿ," ಎಂದು ನನ್ನ ಹಿಂದೆ ಮಂಡಿಯೂರಿ, ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ತಳ್ಳಿ ತೋರಿಸುತ್ತಿದ್ದರು. ಕುಂಞಿ ಎಂದರೆ ನಮ್ಮ ಮಾತಿನಲ್ಲಿ ಮಗು. ಅಪ್ಪ ಆಡಿದ್ದೆಲ್ಲ ಕೊಡವ ತಕ್ಕಿನಲ್ಲಿ. ಕನ್ನಡಕ್ಕೆ ತರುವಾಗ ಅದರ ಖಾರ ಸ್ವಲ್ಪ ಇಳಿದಿದೆ, ಈ ಒಂದು ಪದವನ್ನಾದರೂ ಹಾಗೆಯೇ ಉಳಿಸಿಕೊಳ್ಳುತ್ತೇನೆ.

ಬೇಟೆ ಕಾನೂನಿನಿಂದ ನಿಂತುಹೋದ ಮೇಲೆ ನಮ್ಮ ಕೋವಿಗೆ ಉಳಿದ ದೊಡ್ಡ ದಿನವೆಂದರೆ ಕೈಲ್ ಪೊಳ್ದ್, ಆಯುಧಗಳ ಹಬ್ಬ. ಗದ್ದೆಯ ನಾಟಿ ಮುಗಿದು ಸೆಪ್ಟೆಂಬರಿನ ಮೊದಲ ಬಿಸಿಲು ಬಿದ್ದಾಗ ಕೋವಿಗೆ ಗಂಧ ಹಚ್ಚಿ, ಬೇಲಿಯಲ್ಲಿ ಅರಳಿದ ಕೆಂಪು ಹಳದಿಯ ತೋಕ್‌ಪೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸುತ್ತೇವೆ. ತೋಕ್ ಎಂದರೆ ಕೋವಿ. ಕೋವಿಗೆಂದೇ ಒಂದು ಹೂವಿರುವ ನಾಡು ಬೇರೆಲ್ಲಾದರೂ ಇದ್ದರೆ ನನಗೆ ತಿಳಿಸಿ. ಹಂದಿಮಾಂಸದ ಪಂದಿ ಕರಿ ಮತ್ತು ಅಕ್ಕಿತರಿಯ ಉಂಡೆ ಕಡುಂಬುಟ್ಟಿನ ಊಟವಾದ ಮೇಲೆ ಅಂಗಳದಾಚೆಯ ಮರಕ್ಕೆ ತೆಂಗಿನಕಾಯಿ ಕಟ್ಟಿ, ಮನೆಯವರೆಲ್ಲ ಒಬ್ಬೊಬ್ಬರಾಗಿ ಗುಂಡು ಹೊಡೆಯುವುದು. ನಾನು ಲೀಡ್ಸಿಗೆ ಬಂದ ಮೇಲೂ ಅಪ್ಪ ಪ್ರತಿವರ್ಷ ನನ್ನ ಹೆಸರಿನಲ್ಲಿ ಒಂದು ಕಾಯಿ ಕಟ್ಟಿಸುತ್ತಿದ್ದರು. ಬೇರೆಯವರಿಗೆ ಅದನ್ನು ಹೊಡೆಯಲು ಬಿಡುತ್ತಿರಲಿಲ್ಲ. ಸಂಜೆ ಇಳಿಸಿ, ಫೋನಿನಲ್ಲಿ, "ನಿನ್ನ ಕಾಯಿ ಇಡಿಯಾಗಿದೆ, ಚಟ್ನಿಗೆ ಹೋಯಿತು" ಎಂದು ವರದಿ ಒಪ್ಪಿಸುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಆಗಸ್ಟ್ ರಜೆ ಕೊಟ್ಟು, ಅವರು ಮರಳುವವರೆಗೆ ನನ್ನಂಥ ಒಂಟಿಯನ್ನು ದುಡಿಸಿ, ಸೆಪ್ಟೆಂಬರಿನಲ್ಲಿ ಇನ್ನೇನೋ ನೆಪ ತೆಗೆಯುವ ಆಸ್ಪತ್ರೆಯ ರೋಟಾ ಎಂಬ ಪಾಳಿಪಟ್ಟಿ ಐದು ವರ್ಷ ನನ್ನ ಕಾಯಿಗಳನ್ನು ಚಟ್ನಿಯಾಗಿಸಿತು. ನನಗೆ ಈ ನಾಡಿನಲ್ಲಿ ಬೇಕಾದದ್ದೆಲ್ಲ ಸಿಕ್ಕಿತ್ತು. ಅಪ್ಪನ ಕಣ್ಣಿನಲ್ಲಿ ಪೊರೆ ಗಟ್ಟಿಯಾಗುವ ಮುನ್ನ, ಅವರೆದುರಿಗೆ, ಅವರ ಕೋವಿಯಿಂದ, ನನ್ನ ಪಾಲಿನ ಆ ಒಂದು ಕಾಯಿಯನ್ನು ಒಡೆಯುವುದು ಮಾತ್ರ ಬಾಕಿಯಿತ್ತು.

ಆಸೆ ದೂರದ್ದಾದಾಗ ಮನುಷ್ಯ ಅದರ ನೆರಳನ್ನಾದರೂ ಹತ್ತಿರ ಹುಡುಕುತ್ತಾನೆ. ನನಗೆ ಸಿಕ್ಕ ನೆರಳು ಆರ್ಥರ್. ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿಯ ಗಂಡ, ಮಿಲ್ಲಿನಲ್ಲಿ ಮಗ್ಗಗಳನ್ನು ಸರಿಮಾಡುತ್ತಿದ್ದು ಮಿಲ್ಲು ಮುಚ್ಚಿದ ಮೇಲೆ ನಿವೃತ್ತರಾದವರು. ಊರಾಚೆಯ ಒಂದು ಖಾಸಗಿ ಕಾಡಿನಲ್ಲಿ ಎಳೆಗಿಡಗಳ ತುದಿ ಕಡಿಯುವ ಜಿಂಕೆಗಳ ಸಂಖ್ಯೆ ಮಿತಿಮೀರದಂತೆ ನೋಡಿಕೊಳ್ಳುವ ಹೊಣೆ ಅವರದು. ನಾನು ಕೋವಿ ಪೂಜಿಸುವವರ ಪೈಕಿ ಎಂದು ಹೆಂಡತಿಯಿಂದ ತಿಳಿದು, "ಒಂದು ಭಾನುವಾರ ಬಾ, ಲವ್" ಎಂದು ಕರೆಕಳಿಸಿದರು. ಲವ್ ಎಂದದ್ದಕ್ಕೆ ನಾಚಬೇಕಾಗಿಲ್ಲ. ನಮ್ಮ ಈ ಯಾರ್ಕ್‌ಷೈರಿನಲ್ಲಿ ತರಕಾರಿಯವನೂ ಬಸ್ ಡ್ರೈವರನೂ ಜಗತ್ತನ್ನೆಲ್ಲ ಹಾಗೆಯೇ ಕರೆಯುತ್ತಾರೆ. ಕೋವಿ ಮುಟ್ಟದೆ ಅವರ ಹಿಂದೆ ಕಾಡು ಸುತ್ತಿ, ನೋಡಿ ಕಲಿಯುತ್ತ ವರ್ಷವೊಂದು ಕಳೆದ ಮೇಲೆ ನನ್ನದೇ ಪರವಾನಗಿಗೆ ಅರ್ಜಿ ಹಾಕಿದೆ. ಪೊಲೀಸ್ ಇಲಾಖೆಯಿಂದ ಸೌಮ್ಯ ಸ್ವಭಾವದ ಒಬ್ಬರು ಮನೆಗೆ ಬಂದು, ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರುವನ್ನು ಅಲ್ಲಾಡಿಸಿ ನೋಡಿ, ಚಹಾ ಕುಡಿದು, ರೈಫಲ್ಲು ಬೇಕೆನ್ನಲು ಸರಿಯಾದ ಕಾರಣವೇನೆಂದು ಕೇಳಿದರು. "ಜಿಂಕೆ ನಿಯಂತ್ರಣ" ಎಂದೆ. ಸುಳ್ಳಲ್ಲ. ಆದರೆ ಮನೆಯ ನೆನಪಾಗುತ್ತದೆ ಎಂಬ ಕಾರಣಕ್ಕೆ ಆ ಅರ್ಜಿಯಲ್ಲಿ ಜಾಗವಿರಲಿಲ್ಲ.

ಕೊಂಡದ್ದು ಬೇರೆಯವರು ಬಳಸಿ ಬಿಟ್ಟ ರೈಫಲ್ಲು, ಅದಕ್ಕಿಂತಲೂ ಹಳೆಯ ಸ್ಕೋಪು. ಸ್ಕೋಪನ್ನು ರೈಫಲ್ಲಿಗೆ ಹೊಂದಿಸುವುದು ಹೊಸ ಸೊಸೆಯನ್ನು ಮನೆಗೆ ಒಗ್ಗಿಸುವಷ್ಟೇ ತಾಳ್ಮೆಯ ಕೆಲಸವೆಂದು ಅಂದು ತಿಳಿಯಿತು. ಕಾಡಂಚಿನ ಮಣ್ಣುದಿಬ್ಬದೆದುರು ಮರದ ಮೇಜು ಹಾಕಿ, ಮರಳುಚೀಲದ ಮೇಲೆ ರೈಫಲ್ಲನ್ನು ಮಲಗಿಸಿ, ಮೊದಲು ಸ್ಕೋಪನ್ನು ಹಿಡಿದ ಸ್ಕ್ರೂಗಳೆಲ್ಲ ಬಿಗಿಯಾಗಿವೆಯೇ ಎಂದು ನೋಡಬೇಕು. ನೂರಕ್ಕೆ ಅರವತ್ತು ಜನ ಗುರಿ ತಪ್ಪಿತೆಂದು ಅಳುವುದು ಒಂದು ಸಡಿಲ ಸ್ಕ್ರೂವಿನ ದೆಸೆಯಿಂದ ಎಂಬುದು ಆರ್ಥರರ ಲೆಕ್ಕ, ಲೆಕ್ಕ ಇಟ್ಟವರು ಯಾರೆಂದು ನಾನು ಕೇಳಲಿಲ್ಲ. ಆಮೇಲೆ ಇಪ್ಪತ್ತೈದು ಗಜದಲ್ಲಿ ಒಂದೆರಡು ಗುಂಡು, ಕಾಗದದ ಮೇಲೆ ಎಲ್ಲಾದರೂ ಬಿದ್ದರೆ ಸಾಕು. ಅನಂತರ ನೂರು ಗಜ. ಒಂದೇ ಜಾತಿಯ, ಒಂದೇ ಪೊಟ್ಟಣದ ಗುಂಡುಗಳು. ಕೆನ್ನೆ ಪ್ರತಿಸಲವೂ ಹಿಡಿಯ ಮರದ ಒಂದೇ ಜಾಗದಲ್ಲಿ. ಉಸಿರು ಎಳೆದು, ಅರ್ಧ ಬಿಟ್ಟು, ಉಳಿದರ್ಧವನ್ನು ಹಿಡಿದು ಬೆರಳು ಒತ್ತುವುದು. "ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ" ಎಂದು ವಾರವಿಡೀ ರೋಗಿಗಳಿಗೆ ಹೇಳುವ ನನಗೆ ಇದು ಹೊಸತೇನಲ್ಲ. ಮೂರು ಗುಂಡು ಹೊಡೆದು, ನಳಿಗೆ ತಣಿಯುವವರೆಗೆ ಫ್ಲಾಸ್ಕಿನ ಚಹಾ ಕುಡಿದು, ಆ ಮೂರು ತೂತುಗಳ ನಡುಬಿಂದುವನ್ನು ಗುರುತಿಸಿ, ಅದು ಕೇಂದ್ರದಿಂದ ಎಷ್ಟು ದೂರವಿದೆಯೋ ಅಷ್ಟು ತಿರುಪನ್ನು ತಿರುಗಿಸಬೇಕು. ತಿರುಪಿನ ಒಂದೊಂದು ಕ್ಲಿಕ್ಕಿಗೆ, ನೂರು ಗಜದಾಚೆ, ಗುಂಡು ಕಾಲಂಗುಲ ಸರಿಯುತ್ತದೆ. ಒಂದೇ ಗುಂಡು ನೋಡಿ ತಿರುಪಿಗೆ ಕೈಹಾಕುವವನು ಮೂರ್ಖ; ಒಂದು ಗುಂಡು ಆಕಸ್ಮಿಕ, ಮೂರು ಗುಂಡು ಸ್ವಭಾವ.

ನನ್ನ ಮೂರೂ ಗುಂಡು ಎರಡಂಗುಲ ಬಲಕ್ಕೆ ಬಿದ್ದಿದ್ದವು. ಪೆನ್ನಿ ಸೀಳಿಗೆ ಹೋಗದೆ ತಡಕಾಡುತ್ತಿದ್ದಾಗ, ಪರ್ಸಿನ ಒಳಪದರದಲ್ಲಿ ಬೆರಳಿಗೆ ಈ ನಾಲ್ಕಾಣೆ ಸಿಕ್ಕಿದ್ದು. ಎಡಕ್ಕೆ ಎಂಟು ಕ್ಲಿಕ್ ತಿರುಗಿಸಿದೆ. ಮುಂದಿನ ಮೂರು ಗುಂಡು ನಡುವಿಗೇ ಹೋದವು. ನಾನು ಕುಣಿದಾಡುವುದೊಂದು ಬಾಕಿ. ಆದರೆ ಮರುವಾರ ಚಳಿಯಲ್ಲಿ, ನೆಲದ ಮೇಲೆ ಬೋರಲು ಮಲಗಿ ಹೊಡೆದಾಗ ಒಂದಂಗುಲ ಎಡಕ್ಕೆ ಹೋದವು. ಅದರ ಮರುವಾರ ಮಂಡಿಯೂರಿ ಹೊಡೆದಾಗ ಒಂದಂಗುಲ ಬಲಕ್ಕೆ. ಮೂರು ತಿಂಗಳು ನಾಲ್ಕಾಣೆಯನ್ನು ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ಘೇಂಡಾಮೃಗದ ಕೊಂಬು ಸವೆಯಿತು, ಕೊನೆಗೆ ಮತ್ತೆ ಮೊದಲಿನ ಎಂಟು ಕ್ಲಿಕ್ಕಿಗೇ ಬಂದು ನಿಂತೆ. ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಒಂದು ಅಂಗೈಯಷ್ಟು. ಅದರಾಚೆ ಬಿದ್ದರೆ ಪ್ರಾಣಿ ಗಾಯಗೊಂಡು ಎಲ್ಲೋ ಪೊದೆಯಲ್ಲಿ ನರಳುತ್ತದೆ. ಆರ್ಥರ್ ಒಂದು ದಿನ ಫ್ಲಾಸ್ಕಿನ ಮುಚ್ಚಳ ಹಾಕಿ, "ನಿನ್ನನ್ನು ಈ ಸ್ಥಿತಿಯಲ್ಲಿ ಕಾಡಿಗೆ ಬಿಡಲಾರೆ, ಲವ್. ಸ್ವಲ್ಪ ಪಕ್ಕಕ್ಕೆ ಸರಿ," ಎಂದು ತಾವೇ ಮೇಜಿಗೆ ಕೂತು ಮೂರು ಗುಂಡು ಹೊಡೆದರು. ಮೂರೂ ಒಂದನ್ನೊಂದು ಮುಟ್ಟಿಕೊಂಡು, ನನ್ನ ನಾಲ್ಕಾಣೆಯಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ, ಎರಡಂಗುಲ ಎಡಕ್ಕೆ ಬಿದ್ದವು. "ರೈಫಲ್ಲಿನಲ್ಲಿ ದೋಷವಿಲ್ಲ. ನೀನು ಅದಕ್ಕೆ ಸುಳ್ಳು ಕಲಿಸಿದ್ದೀಯ," ಎಂದರು.

ಆಮೇಲೆ ಅವರು ಮಾಡಿದ ಉಪಾಯ ಸರಳವಾದದ್ದು. ನನ್ನನ್ನು ಆ ಕಡೆ ತಿರುಗಿಸಿ ನಿಲ್ಲಿಸಿ, ಕೆಲವು ಸಲ ನಿಜವಾದ ಗುಂಡು, ಕೆಲವು ಸಲ ಬರೀ ಖಾಲಿ ತೋಟಾ ತುಂಬಿ ಕೊಡುವುದು. ಯಾವುದು ಯಾವುದೆಂದು ನನಗೆ ತಿಳಿಯಕೂಡದು. ಮೂರನೆಯ ಸಲ ಬೆರಳು ಒತ್ತಿದೆ. ಸದ್ದಿಲ್ಲ, ಒದೆತವಿಲ್ಲ, ಟಿಕ್ ಎಂಬ ಸಣ್ಣ ಶಬ್ದ ಮಾತ್ರ. ಆ ನಿಶ್ಶಬ್ದದಲ್ಲಿ, ಸ್ಕೋಪಿನೊಳಗಿನ ಕಪ್ಪು ಗೆರೆ ಗುರಿಯ ನಡುವಿನಿಂದ ಮೆಲ್ಲನೆ, ಬಹಳ ವಿನಯದಿಂದ, ಬಲಕ್ಕೆ ಸರಿಯುವುದನ್ನು ನಾನೇ ಕಣ್ಣಾರೆ ನೋಡಿದೆ. ಎಳ್ಳಿನಷ್ಟು.

"ಯಾರು ಕಲಿಸಿದ್ದು ಇದನ್ನು?" ಆರ್ಥರ್ ಕೇಳಿದರು.

ಹಿಂದೆ ಮಂಡಿಯೂರಿ ಕುಳಿತವರ ಉಸಿರು, ಕಾಫಿ ಮತ್ತು ಕೋವಿಯೆಣ್ಣೆಯ ವಾಸನೆ, ನನ್ನ ಕೈಯ ಮೇಲಿದ್ದ ಆ ಕೈ ಎಲ್ಲವೂ ಇಪ್ಪತ್ತೈದು ವರ್ಷಗಳಿಂದ ನನ್ನ ಬಲಮುಂಗೈಯೊಳಗೆ ಕುಳಿತು ತಳ್ಳುತ್ತಿದ್ದವು, ನನಗೆ ಅದರ ಸುಳಿವೂ ಇರಲಿಲ್ಲ. ಹೆತ್ತವರು ಕೊಟ್ಟದ್ದು ಮೂಗಿನಲ್ಲೋ ನಗೆಯಲ್ಲೋ ಇದೆಯೆಂದು ನಾವು ಕನ್ನಡಿಯಲ್ಲಿ ಹುಡುಕುತ್ತೇವೆ. ನನಗೆ ಅದು ಗುರಿ ತಪ್ಪಿದಲ್ಲಿ ಸಿಕ್ಕಿತು. ಆರ್ಥರರಿಗೆ ಕೊನೆಗೆ, "ನನ್ನ ತಂದೆಯ ಕೋವಿ ಎಡಕ್ಕೆ ಹೊಡೆಯುತ್ತದೆ" ಎಂದಷ್ಟೇ ಹೇಳಿದೆ. ಅವರು ದಿಬ್ಬದ ಕಡೆ ನೋಡಿ, "ಒಳ್ಳೆಯ ಕೋವಿಯೇ ಇರಬೇಕು. ಆದರೆ ಇದು ಅದಲ್ಲವಲ್ಲ," ಎಂದರು.

ಹಾಗೆ ನಾನು ಅಪ್ಪನನ್ನು ನನ್ನ ಕೈಯಿಂದ ಬಿಡಿಸಿಕೊಳ್ಳತೊಡಗಿದೆ. ಎಂಟು ಕ್ಲಿಕ್ ವಾಪಸು ತಿರುಗಿಸಿ, ಚಳಿಗಾಲವಿಡೀ ಖಾಲಿ ತೋಟಾಗಳಿಂದ ಅಭ್ಯಾಸ ಮಾಡಿದೆ. ಗೆರೆ ಅಲುಗದಂತೆ, ಕೈ ತಳ್ಳದಂತೆ. ವಸಂತಕ್ಕೆ ನನ್ನ ಮೂರು ಗುಂಡುಗಳನ್ನೂ ನಾಲ್ಕಾಣೆಯಿಂದ ಮುಚ್ಚಬಹುದಾಗಿತ್ತು, ಮಲಗಿ ಹೊಡೆದರೂ, ಮಂಡಿಯೂರಿ ಹೊಡೆದರೂ. ಆರ್ಥರ್ ನನ್ನನ್ನು ಕಾಡಿಗೆ ಕರೆದೊಯ್ದರು; ಮೊದಲ ಜಿಂಕೆ ನಿಂತಲ್ಲೇ, ನೋವರಿಯದೆ ಬಿತ್ತು. ಭಾನುವಾರದ ಫೋನಿನಲ್ಲಿ ಅಪ್ಪನಿಗೆ ಜಿಂಕೆಯ ಸುದ್ದಿ ಹೇಳಿದೆ, ಕೈಯ ಸುದ್ದಿ ಹೇಳಲಿಲ್ಲ. ಯಾಕೆ ಮುಚ್ಚಿಟ್ಟೆನೆಂದು ನನ್ನನ್ನು ಕೇಳಬೇಡಿ. ಅವರಿಗೆ ಒಂದೇ ಚಿಂತೆ, "ನರಳಲಿಲ್ಲ ತಾನೆ?" ಎಂದು ಎರಡು ಸಲ ಕೇಳಿದರು.

ಆ ವರ್ಷ ರೋಟಾ ಕೊನೆಗೂ ಕರಗಿತು. ಕೈಲ್ ಪೊಳ್ದಿಗೆ ಎರಡು ದಿನ ಮುಂಚೆ ಮನೆ ಸೇರಿದೆ. ಅಪ್ಪ ತೆಳ್ಳಗಾಗಿದ್ದರು; ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ನನ್ನ ಕಾಯಿ ಎಷ್ಟು ಎತ್ತರಕ್ಕೆ ಕಟ್ಟಬೇಕೆಂದು ನನ್ನ ತಮ್ಮನಿಗೆ ಆಜ್ಞೆ ಮಾಡುತ್ತಿದ್ದರು, ಅಷ್ಟು ದೂರದ ಮರವೇ ಅವರಿಗೆ ಕಾಣುತ್ತಿರಲಿಲ್ಲ. ಪೂಜೆಯಾಯಿತು, ಊಟವಾಯಿತು. ನಳಿಗೆಯ ಬಾಯಿಂದ ತೋಕ್‌ಪೂ ತೆಗೆದು ನನ್ನ ಮುಡಿಗೆ ಸಿಕ್ಕಿಸಿ, ಕೋವಿಯನ್ನು ಎರಡೂ ಕೈಯಿಂದ ಕೊಟ್ಟರು. ನಾನು ಕಾಯಿಯ ನಡುವಿಗೆ ಕಣ್ಣಿಟ್ಟು, ಉಸಿರು ಎಳೆದು, ಅರ್ಧ ಬಿಟ್ಟು, ಬೆರಳು ಒತ್ತಿದೆ.

ಕಾಯಿ ಅಲ್ಲಾಡಲಿಲ್ಲ. ಚಿಕ್ಕ ಮಕ್ಕಳೆಲ್ಲ ಹೋ ಎಂದರು.

"ಎಡಕ್ಕೆ, ಎರಡು ಬೆರಳು," ಎಂದರು ಅಪ್ಪ, ಕುರ್ಚಿಯಿಂದ.

ನನ್ನ ತಮ್ಮ ಮರದ ಹತ್ತಿರ ಓಡಿಹೋಗಿ ತೊಗಟೆಯಲ್ಲಿ ಗುಂಡಿನ ಗಾಯ ಹುಡುಕಿ, ಹೌದೆಂದು ಕೈಯೆತ್ತಿದ. ನಿಮಗೆ ಹೇಗೆ ತಿಳಿಯಿತು, ಮರವೇ ಕಾಣುವುದಿಲ್ಲವಲ್ಲ ಎಂದು ನಾನು ಕೇಳಿದೆ.

"ಮರ ಕಾಣೋದಿಲ್ಲ. ಇಷ್ಟು ಹತ್ತಿರದ ನಿನ್ನ ಭುಜ ಕಾಣುತ್ತೆ. ಅದು ಅಲುಗಲಿಲ್ಲ." ಬೇಸರದ ಸೋಂಕೂ ಇಲ್ಲದ ದನಿಯಲ್ಲಿ, "ಯಾರೋ ತುಂಬಾ ಚೆನ್ನಾಗಿ ಕಲಿಸಿದ್ದಾರೆ, ಕುಂಞಿ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹೊಗಳಿಕೆಯನ್ನು ಇಂದಿಗೂ ತಡೆದುಕೊಳ್ಳಲಾಗಿಲ್ಲ. ಒಬ್ಬರಿಗೆ ಒಂದೇ ಗುಂಡು ಎಂಬುದು ನಮ್ಮ ಮನೆಯ ನಿಯಮ, ನನಗಾಗಿ ಅಪ್ಪ ಅದನ್ನು ಮುರಿಯಲಿಲ್ಲ, ನಾನೂ ಕೇಳಲಿಲ್ಲ. "ಮುಂದಿನ ವರ್ಷ ಇನ್ನೊಂದು ಕಟ್ಟಿಸೋಣ," ಎಂದು ಕೋವಿಯನ್ನು ವಾಪಸು ತೆಗೆದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ಕಾಣದವರಂತೆ ನಳಿಗೆ ಒರೆಸತೊಡಗಿದರು. ಕಾಯಿ ಆ ಸಲವೂ ಚಟ್ನಿಗೆ ಹೋಯಿತು, ನಾನೇ ತಿರುವಿದೆ.

ಮುಂದಿನ ಹಬ್ಬದವರೆಗೆ ಅಪ್ಪ ಇರಲಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ ಲೀಡ್ಸಿನ ಎಕ್ಸ್‌ರೇ ಕೋಣೆಯಲ್ಲಿ ಕೆಮ್ಮುತ್ತಿದ್ದ ಮುದುಕರೊಬ್ಬರ ಎದೆಯನ್ನು ಫಲಕಕ್ಕೆ ಒತ್ತಿ ನಿಲ್ಲಿಸಿ, ಉಸಿರು ಎಳೆದು ಹಿಡಿದುಕೊಳ್ಳಿ ಎನ್ನುತ್ತಿದ್ದ ಹೊತ್ತಿನಲ್ಲಿಯೇ, ಅಲ್ಲಿ ಊರಿನಲ್ಲಿ ನನ್ನ ತಮ್ಮ ಅಂಗಳಕ್ಕೆ ಬಂದು ಆಕಾಶಕ್ಕೆ ಎರಡು ಗುಂಡು ಹಾರಿಸಿದನಂತೆ. ಗದ್ದೆಯಾಚೆಯ ಮನೆಗಳವರು ಕೇಳಿ ಕೈಲಿದ್ದ ಕೆಲಸ ಬಿಟ್ಟು ಬಂದರಂತೆ. ನಾನೊಬ್ಬಳು ಕೇಳಲಿಲ್ಲ, ನಾನು ಆ ಮುದುಕರಿಗೆ, ಈಗ ಉಸಿರು ಬಿಡಿ ಎಂದೆ, ಅವರು ಬಿಟ್ಟರು. ಹನ್ನೊಂದನೆಯ ದಿನದ ಕರ್ಮಕ್ಕೆ ಹೋಗಿ ತಲುಪಿದಾಗ ಕೋವಿ ದೀಪದ ಪಕ್ಕದಲ್ಲಿ ತನ್ನ ಜಾಗದಲ್ಲಿ ಒರಗಿತ್ತು. ಆ ಎರಡು ಗುಂಡುಗಳು ಒಂದೇ ಸಲ ಹಾರುವಂಥವು. ತಡವಾಗಿ ಬಂದ ಮಗಳಿಗೆಂದು ಯಾರೂ ಮತ್ತೆ ಹಾರಿಸುವುದಿಲ್ಲ.

ಮರಳಿ ಬಂದ ಮೊದಲ ಭಾನುವಾರ ಆರ್ಥರರ ಮಣ್ಣುದಿಬ್ಬಕ್ಕೆ ಹೋದೆ. ಅವರು ವಿಷಯ ತಿಳಿದವರು, ದೂರದ ಬೇಲಿ ನೋಡುವ ನೆಪದಲ್ಲಿ ನಡೆದುಬಿಟ್ಟರು. ರೈಫಲ್ಲನ್ನು ಮರಳುಚೀಲದ ಮೇಲೆ ಮಲಗಿಸಿ, ತಿರುಪಿನ ಮುಚ್ಚಳ ಬಿಚ್ಚಿ, ನಾಲ್ಕಾಣೆಯನ್ನು ಸೀಳಿಗಿಟ್ಟು ಎಡಕ್ಕೆ ಒಂದು, ಎರಡು, ಮೂರು ಎಂದು ಎಂಟು ಕ್ಲಿಕ್ ತಿರುಗಿಸಿದೆ. ಈಗ ಅದು ಎಡಕ್ಕೆ ಹೊಡೆಯುವ ರೈಫಲ್ಲು, ಹಿರಿಯರದ್ದು, ತಿದ್ದಬಾರದ್ದು. ಕಣ್ಣನ್ನು ನಡುವಿಗೇ ಇಟ್ಟೆ. ಒಂದು ಚಳಿಗಾಲವೆಲ್ಲ ಹೊರಗಟ್ಟಿದ ಆ ಕೈಯನ್ನು, ಬಾ ಎಂದು ಕರೆದೆ. ಬಂದೀತೆಂಬ ಭರವಸೆಯಿರಲಿಲ್ಲ. ಬೆರಳು ಒತ್ತುವಾಗ ಮುಂಗೈ ತಾನಾಗಿ, ಎಳ್ಳಿನಷ್ಟು, ಬಲಕ್ಕೆ ಸರಿಯಿತು. ಒಂದು ಗುಂಡು. ಸದ್ದು ಕಾಡಿನಂಚಿಗೆ ಬಡಿದು ಮರಳುವವರೆಗೆ ಕಾದು, ಇನ್ನೊಂದು. ಮೂರನೆಯದು ಹೊಡೆಯಲಿಲ್ಲ. ನಡೆದುಹೋಗಿ ನೋಡಿದರೆ ಕಾಗದದ ನಟ್ಟನಡುವೆ ಎರಡು ತೂತುಗಳು, ನಡುವೆ ಒಂದು ಬೆರಳಿನ ಅಂತರವೂ ಇರಲಿಲ್ಲ. ಅಲ್ಲಿಯೇ ನಿಂತು, ಗಟ್ಟಿಯಾಗಿ, ಯಾರಿಗೂ ನಾಚದೆ ಅತ್ತೆ.

ಜಿಂಕೆಗಳಿಗೆ ನನ್ನ ದುಃಖದ ಹಂಗಿಲ್ಲ. ಅವುಗಳಿಗೆ ನೇರವಾದ ರೈಫಲ್ಲೇ ಬೇಕು. ಹಾಗಾಗಿ ಮೇಜಿಗೆ ಮರಳಿ, ನಾಲ್ಕಾಣೆಯನ್ನು ಬಲಕ್ಕೆ ತಿರುಗಿಸತೊಡಗಿದೆ. ಏಳು ಕ್ಲಿಕ್ ಎಣಿಸಿ ನಿಂತೆ. ಒಂದು ಕ್ಲಿಕ್ಕೆಂದರೆ ನೂರು ಗಜಕ್ಕೆ ಕಾಲಂಗುಲ; ಜಿಂಕೆಗೆ ಅದರಿಂದ ಏನೂ ಆಗದು. ಮರುವಾರ ಆರ್ಥರ್ ಅದೇ ರೈಫಲ್ಲಿನಿಂದ ಮೂರು ಗುಂಡು ಹೊಡೆದು, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಕೂದಲೆಳೆಯಷ್ಟು ಎಡಕ್ಕಿದೆ, ಲವ್," ಎಂದು ನನ್ನ ಕಡೆ ತಿರುಗಿದರು. ಗೊತ್ತು ಎಂದೆ. ಅವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾನು ನಾಲ್ಕಾಣೆಯನ್ನು ಮನೆಗೆ ತಂದು ಕಿಟಕಿಕಟ್ಟೆಯ ಮೇಲಿಟ್ಟೆ; ಅಂದಿನಿಂದ ಅದು ಅಲ್ಲಿಯೇ ಇದೆ, ತಿರುಪಿಗೆ ಮತ್ತೆ ಮುಟ್ಟಿಸಿಲ್ಲ.